ಎಡಗೈಯಲ್ಲಿ ಡಕೋಟಾ

ಹೆಂಡತಿ ಸಾವಂತ್ರವ್ವ ಲಿಂಗೈಕ್ಯಳಾದ ಮೇಲೆ ನನ್ನ ಎಡಗೈ ನಡುಗತೊಡಗಿತು. ದೀಕ್ಷೆಯಾದಂದಿನಿಂದ ಆ ಅಂಗೈಯ ಮೇಲೆ ಇಷ್ಟಲಿಂಗವಿಟ್ಟು ಎವೆಯಿಕ್ಕದೆ ನೋಡುತ್ತ ಬಂದವನು ನಾನು. ಪುಣೆಯ ಹತ್ತಿರ ಚಿಂಚವಾಡದ ಮನೆಯಲ್ಲಿ ನಾವಿಬ್ಬರೂ ಎದುರುಬದುರು ಮಣೆ ಹಾಕಿಕೊಂಡು ಪೂಜೆಗೆ ಕೂಡುತ್ತಿದ್ದೆವು. ಅವಳನ್ನು ಸಮಾಧಿಯಲ್ಲಿ ಕೂಡ್ರಿಸುವಾಗ ಪದ್ಧತಿಯಂತೆ ಅವಳ ಲಿಂಗವನ್ನು ಅವಳ ಎಡಗೈಯಲ್ಲಿಯೇ ಇಟ್ಟರು. ಆಮೇಲೆ ನಾನು ಕೊರಳಿನ ಕರಡಿಗೆ ತೆರೆದು ನನ್ನ ಲಿಂಗವನ್ನು ಕೈಗೆ ತೆಗೆದುಕೊಂಡಾಗಲೆಲ್ಲ ಮಣ್ಣಿನೊಳಗಿನ ಆ ಕೈಯೇ ಕಾಣುತ್ತಿತ್ತು. ಒಂದು ಬೆಳಿಗ್ಗೆ ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬಿದ್ದಿದ್ದರೆ? ಅಂದಿನಿಂದ ಕರಡಿಗೆಯನ್ನು ತೆರೆಯದೆ ಕಣ್ಣಿಗೊತ್ತಿಕೊಂಡು ಊಟಕ್ಕೆ ಕೂಡತೊಡಗಿದೆ. ಪೂಜೆಯಿಲ್ಲದ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ನರಗಳಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರು.

ಮಗಳು ನೀಲಿಮಾ, ಅಳಿಯ ವಿನೀತ ನನ್ನ ಜೊತೆಗೇ ಇದ್ದರು. ಚಾಕಣದ ಕಾರಖಾನೆಯಲ್ಲಿ ಇಂಜಿನಿಯರರಾಗಿದ್ದ ವಿನೀತರಿಗೆ ರಜೆಯ ದಿನ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು. ಒಂದು ರವಿವಾರ ಅವರು ದೊಡ್ಡ ಜೆಟ್ ಏರಿಸಿ, ಕೈಬಿಟ್ಟು, ಬಶಿಯಲ್ಲಿ ಚಹಾ ಹಾಕಿಕೊಂಡು ಕುಡಿಯುತ್ತಿದ್ದರು.

"ಅಳಿಯಂದ್ರ, ನೀವು ಚಾ ಕುಡ್ಯಾಕತ್ತೀರಿ. ವಿಮಾನ ನಡಸೋರು ಯಾರು?" ಎಂದೆ.

"ತಾನ ಹೊಂಟದ್ರಿ ಮಾವಾರ. ಒಂದು ಗುಂಡಿ ಒತ್ತಿದ್ರ ಆತು."

"ಹಂಗಾರ ನೀವು ಬಸ್ಸಿನ್ಯಾಗ ಕುಂತಂಗ ಕುಂತೀರಿ. ತಿಕೀಟ ತಗೊಂಡೀರಿಲ್ಲೋ?"

ಅಡುಗೆಮನೆಯಿಂದ ನೀಲಿಮಾ ನಕ್ಕಳು. "ಬರೋಬ್ಬರಿ ಅಂದ್ರಿ ಅಪ್ಪಾ. ಒಂದ ಸಲ ನೀವ ನಡಸಿ ತೋರಸ್ರಿ ಇವರಿಗೆ."

ಅದರಲ್ಲಿ ಹಳೆಯ ಡಕೋಟಾ ವಿಮಾನ ಇದೆಯೇ ಎಂದು ಕೇಳಿದೆ. ಇತ್ತು. ಬೆಳಗಾವಿಯ ಹತ್ತಿರ ಸಾಂಬ್ರಾದಲ್ಲಿ ಅದು ಇಳಿಯುವುದನ್ನು ಹುಡುಗನಾಗಿದ್ದಾಗ ನೋಡಿದ್ದೆ. ಸಾವಂತ್ರವ್ವನದು ಪಕ್ಕದ ಹಳ್ಳಿ. ಹುಡುಗಿಯಾಗಿದ್ದಾಗ ತಾನು ಜೋಳದ ಹೊಲದ ಮೇಲೆ ಹಾಯುವ ಅದರ ನೆರಳಿನ ಹಿಂದೆ ಓಡುತ್ತಿದ್ದೆನೆಂದು ಅವಳು ಹೇಳುತ್ತಿದ್ದಳು.

ಮುಖ್ಯ ಪೈಲಟ್ ಎಡಗಡೆ ಕೂಡುತ್ತಾನಂತೆ. ಅವನ ಎಡಗೈ ಚಕ್ರದ ಮೇಲೆ, ಬಲಗೈ ಇಂಜಿನ್ನಿನ ಸನ್ನೆಕೋಲುಗಳ ಮೇಲೆ. ನಮ್ಮಲ್ಲಿ ಚಕ್ರವಿರಲಿಲ್ಲ, ಮೇಜಿನ ಮೇಲೊಂದು ಹಿಡಿಕೆಯಿತ್ತು. ಅದನ್ನು ಎಡಗೈಯಲ್ಲಿಯೇ ಹಿಡಿದೆ. ಕೈ ನಡುಗಿದಂತೆ ವಿಮಾನವೂ ನಡುಗಿತು. ಹೇಗೋ ಪುಣೆಯ ಲೋಹಗಾಂವ ನಿಲ್ದಾಣದಿಂದ ಮೇಲೆದ್ದು, ಎತ್ತರ ತೋರಿಸುವ ಮುಳ್ಳಿನ ಮೇಲೆ ದೃಷ್ಟಿ ನೆಟ್ಟೆ. ಮುಳ್ಳು ಕದಲದಂತೆ ನೋಡಿಕೊಂಡೆ. ತಲೆಯೆತ್ತುವಷ್ಟರಲ್ಲಿ ವಿಮಾನ ವಾಲಿಕೊಂಡು ಮುಂಬೈ ಕಡೆಗೆ ಹೊರಟಿತ್ತು.

ವಿನೀತ ಬಿದ್ದುಬಿದ್ದು ನಕ್ಕರು. "ಮಾವಾರ, ಎವಿ ಸುದ್ದಾ ಬಡೀಲಿಲ್ಲಲ್ರಿ! ಇದೇನು ಲಿಂಗಪೂಜಾ ಅಂತ ತಿಳದೀರೇನು?" ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ."

"ಇರ್ಲಿ ಬಿಡ್ರಿ. ಮತ್ತ ಹೆಂಗ ನೋಡಬೇಕು, ಹೇಳ್ರಿ."

"ಒಂದ ಮುಳ್ಳಿಗೆ ಅಂಟ್ಕೋಬ್ಯಾಡ್ರಿ. ಎತ್ತರ, ವೇಗ, ದಿಕ್ಕು, ರೆಕ್ಕಿ ಎಲ್ಲಾದ್ರ ಮ್ಯಾಲೂ ಕಣ್ಣಾಡಸ್ರಿ. ಹೊಳ್ಳಿ ಮೊದಲಿನ ಮುಳ್ಳಿಗೆ ಬರ್ರಿ. ಮತ್ತ ಆ ಹಿಡಿಕಿ ಕುತಿಗಿ ಹಿಚಕಬ್ಯಾಡ್ರಿ, ಪಾಪ."

ಆಮೇಲೆ ಅವರು ಕೆಲಸಕ್ಕೆ ಹೋದಾಗ ಮಧ್ಯಾಹ್ನ ಒಬ್ಬನೇ ಕೂಡತೊಡಗಿದೆ. ಆ ಹಳೆಯ ವಿಮಾನ ನನಗೆ ಹಿಡಿಸಿತು. ಅದಕ್ಕೆ ಅವಸರವೆಂಬುದಿಲ್ಲ. ಓಡುವಾಗ ಎಡಕ್ಕೆ ಜಗ್ಗುತ್ತದೆ. ಬಾಲ ಎದ್ದ ಮೇಲೆ ಎದುರಿನ ದಾರಿ ಕಾಣುತ್ತದೆ. ಸ್ವಲ್ಪ ತಿದ್ದಿದರೆ ಒಂದು ಗಳಿಗೆ ಸುಮ್ಮನೆ ಯೋಚಿಸಿ ಆಮೇಲೆ ತಿರುಗುತ್ತದೆ. ಅಷ್ಟರೊಳಗೆ ಇನ್ನಷ್ಟು ತಿದ್ದಿದರೆ ಕೆಟ್ಟಿತು. ಬಿಗಿಯಾಗಿ ಹಿಡಿದಷ್ಟೂ ಓಲಾಡುತ್ತದೆ, ಬೆರಳ ತುದಿಯಲ್ಲಿ ಹಿಡಿದರೆ ಇಂಜಿನ್ನುಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತ ನೆಟ್ಟಗೆ ಹೋಗುತ್ತದೆ. ನಕಾಶೆ, ಗಡಿಯಾರ, ದಿಕ್ಸೂಚಿ ಇಷ್ಟರಿಂದಲೇ ದಾರಿ ಹುಡುಕಿಕೊಳ್ಳುತ್ತಿದ್ದೆ. ಎಣಿಸಿದ ಹೊತ್ತಿಗೆ ಎಣಿಸಿದ ನದಿ ಬಂದರೆ ಆ ಸುಖವೇ ಬೇರೆ. ಚಹಾ ತಣ್ಣಗಾಯಿತೆಂದು ನೀಲಿಮಾ ಬೈಯುತ್ತಿದ್ದಳು.

ಒಂದು ದಿನ ಸಾಂಬ್ರಾಕ್ಕೆ ಹೊರಟೆ. ಬಲಗಡೆ ಕೋಯನಾದ ನೀರು ಹಿಂದಾಯಿತು. ಎಡಗಡೆ ಕೃಷ್ಣೆ, ಆಮೇಲೆ ಹಿಡಕಲ್ಲಿನ ಜಲಾಶಯ. ಕಂಪ್ಯೂಟರಿನ ನೆಲದಲ್ಲಿ ಹಳ್ಳಿಗಳಿರಲಿಲ್ಲ, ಅವಳ ಹೊಲವೂ ಇರಲಿಲ್ಲ. ಬರೀ ಕಂದು ಬಣ್ಣ. ಆದರೂ ಅದರ ಮೇಲೆ ನನ್ನ ವಿಮಾನದ ನೆರಳು ಹೋಗುತ್ತಿತ್ತು. ಗಾಲಿ ಇಳಿಸಿ ಪಡುವಣಕ್ಕೆ ತಿರುಗಿದೆ. ಓಡುದಾರಿ ಅಗಲವಾಗುತ್ತ ಬಂತು. ನೆರಳು ಹತ್ತಿರ ಬಂತು. ಹಿಡಿಕೆಯನ್ನು ತುಸುವೇ ಹಿಂದಕ್ಕೆ ತಂದು ಕಾದೆ.

ಕರೆಂಟ್ ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು.

"ಈ ಲೋಡ್‌ಶೆಡ್ಡಿಂಗಿನವರಿಗೆ ಹೊತ್ತು ಗೊತ್ತು ಏನಿಲ್ಲ!" ಎಂದು ನೀಲಿಮಾ ಬಾಗಿಲಿಗೆ ಬಂದಳು. "ಮುಟ್ಟಿತೇನ್ರಿ ಅಪ್ಪಾ ಸಾಂಬ್ರಾ?"

"ಮುಟ್ಟಾಕತ್ತಿತ್ತು."

ಅವಳು ನನ್ನ ಕೈಯನ್ನು ನೋಡುತ್ತಿದ್ದಳು. ನಾನೂ ನೋಡಿದೆ. ವಿಮಾನವಿಲ್ಲದ ಹಿಡಿಕೆಯ ಮೇಲೆ ಎಡಗೈ ಹಾಗೆಯೇ ಇತ್ತು. ನಡುಗುತ್ತಿರಲಿಲ್ಲ.

"ನೀರು ಕಾಸವ್ವಾ," ಎಂದೆ.

ಸ್ನಾನ ಮಾಡಿ ವಿಭೂತಿ ಧರಿಸಿದೆ. ನೀಲಿಮಾ ದೀಪ ಹಚ್ಚಿ, ಕೇಳದೆಯೇ ಎರಡು ಮಣೆಗಳನ್ನೂ ಹಾಕಿದ್ದಳು. ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಬಿಗಿಯಾಗಿ ಹಿಡಿಯಲಿಲ್ಲ. ಮಣ್ಣಿನೊಳಗಿನ ಕೈ ಕಂಡಿತು; ಕಾಣಲೆಂದು ಬಿಟ್ಟೆ. ಕಣ್ಣು ದೀಪಕ್ಕೆ ಹೋಯಿತು, ಪತ್ರೆಗೆ ಹೋಯಿತು, ಎದುರಿನ ಬರಿದಾದ ಮಣೆಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೊಳ್ಳಿ ಲಿಂಗಕ್ಕೆ ಬಂತು. ಕೈ ನೆಟ್ಟಗಿತ್ತು.

ಅಂದು ರೊಟ್ಟಿ ಗಂಟಲಲ್ಲಿ ಇಳಿಯಿತು.