ಷರಾ ಕಾಲಮ್ಮಿನ ಹೆಸರು

ಸುಂಕಮ್ಮ ಎಂಬ ಹೆಣ್ಣುಮಗಳು ಇಟ್ಟಿಗಿಯಲ್ಲಿ, ಪೀರ್ ಬೀ ಎಂಬ ಮುದುಕಿಯ ಮನೆಯಲ್ಲಿ ಏಳು ತಿಂಗಳು ಅಡಗಿಕೊಂಡಿದ್ದಳು. ಗಂಡ ಅವಳ ಎಡಗೈ ಮುರಿದಿದ್ದ. ಅವಳು ಅಲ್ಲಿರುವುದು ಅವನಿಗೆ ಗೊತ್ತಾಗಬಾರದಿತ್ತು. ಗೊತ್ತಾಯಿತು, ಅದೂ ನನ್ನ ಕೈಬರಹದಿಂದ. ಈ ಸಂಗತಿಯೆಲ್ಲ ನನಗೆ ತಿಳಿದದ್ದು ಆಮೇಲೆ. ಆದರೆ ಆಮೇಲೆ ತಿಳಿದದ್ದು ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನಾನು ಗಾದಿಲಿಂಗಪ್ಪ. ೧೯೭೯ರಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೆ. ಆ ವರ್ಷ ನಮ್ಮ ಕಡೆ ಒಂದೇ ತಿಂಗಳಲ್ಲಿ ಮೂರು ಟ್ರ್ಯಾಕ್ಟರ್ ಕಳುವಾದವು. ಮೇಲಿನವರು ಇಟ್ಟಿಗಿಗೆ ತಿರುಗುವ ಕೂಡುರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಸಿ, ಒಂದು ಮೇಜು, ಒಂದು ಕುರ್ಚಿ, ಒಂದು ದಪ್ಪ ರಿಜಿಸ್ಟರು ಕೊಟ್ಟು ನನ್ನನ್ನು ಕೂರಿಸಿದರು. ಹೋಗಿ ಬರುವ ಪ್ರತಿ ಮೋಟಾರು ವಾಹನದ ನಂಬರು, ವೇಳೆ, ಯಾವ ಕಡೆಯಿಂದ ಯಾವ ಕಡೆಗೆ, ಇಷ್ಟನ್ನು ಬರೆಯಬೇಕು. ಕೊನೆಯಲ್ಲಿ ಷರಾ ಎಂದೊಂದು ಕಾಲಮ್ಮು. ಅದು ಖಾಲಿ ಇರುತ್ತಿತ್ತು. ಟ್ರ್ಯಾಕ್ಟರುಗಳಂತೂ ಒಂದೂ ಸಿಗಲಿಲ್ಲ. ಆದರೂ ಬರೆಯುವುದನ್ನು ನಿಲ್ಲಿಸು ಎಂದು ಯಾರೂ ಹೇಳಲಿಲ್ಲ.

ನನ್ನ ಅಕ್ಷರ ಚೆನ್ನಾಗಿತ್ತು. ಸುಮ್ಮನೆ ಹೇಳುತ್ತಿಲ್ಲ, ಠಾಣೆಯಲ್ಲಿ ಪಂಚನಾಮೆ ಬರೆಯುವುದಿದ್ದರೆ ನನ್ನನ್ನೇ ಕರೆಯುತ್ತಿದ್ದರು. ದೂಳೆಬ್ಬಿಸಿಕೊಂಡು ಓಡುವ ಲಾರಿಯ ನಂಬರನ್ನು ಒಂದೇ ನೋಟಕ್ಕೆ ಹಿಡಿದು, ಗೆರೆ ತಪ್ಪದೆ ಬರೆಯುವುದರಲ್ಲಿ ನನಗೆ ಒಂದು ಥರದ ಸುಖವಿತ್ತು.

ಗುರುವಾರ ಗುರುವಾರ ಹಗರಿಬೊಮ್ಮನಹಳ್ಳಿಯಿಂದ ಮೆಕ್ಯಾನಿಕ್ ಹುಲುಗಪ್ಪ ಬರುತ್ತಿದ್ದ. ದಾವಲ್ ಸಾಬರ ಗ್ಯಾರೇಜಿನಲ್ಲಿ ಅವನ ಕೆಲಸ. ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲ. ರಿಪೇರಿಯಾದ ಗಾಡಿಯನ್ನು ಒಂದಷ್ಟು ಓಡಿಸಿ ನೋಡಿದ ಮೇಲೆಯೇ ಮಾಲೀಕರಿಗೆ ಕೊಡುವುದು ಗ್ಯಾರೇಜಿನವರ ಪದ್ಧತಿ. ಒಂದು ವಾರ ಜೀಪು, ಒಂದು ವಾರ ಬುಲೆಟ್ಟು. ಶೆಡ್ಡಿನ ಮುಂದೆ ಬಂದಾಗ ಕೈ ಮೇಲೆತ್ತಿ, “ಟ್ರಯಲ್ ರೀ, ಟ್ರಯಲ್!” ಎಂದು ಕೂಗಿ ಹೋಗುತ್ತಿದ್ದ. ಇಷ್ಟು ದೂರ ಯಾತರ ಟ್ರಯಲ್ಲೋ ಎಂದು ಒಮ್ಮೆ ಕೇಳಿದ್ದೆ.

“ಇಂಜಿನ್ ಬಿಚ್ಚಿ ಕಟ್ಟೀವ್ರಿ. ಚೆಂದಂಗ ಕಾಯಬೇಕು, ಆಮ್ಯಾಲೆ ಗೊತ್ತಾಗತೈತಿ ಅದರ ಬಣ್ಣ,” ಅಂದಿದ್ದ.

ನಾನು ನಂಬರು ಬರೆದುಕೊಂಡೆ. ಅವನು ತಂಗಿ ಸುಂಕಮ್ಮನನ್ನು ನೋಡಲು ಹೋಗುತ್ತಿದ್ದ. ಆ ಪೀರ್ ಬೀ ದಾವಲ್ ಸಾಬರ ಸೋದರತ್ತೆ.

ಹೀಗಿರುವಾಗ ಹತ್ತಿ ವ್ಯಾಪಾರಿ ಏಕಾಂತಪ್ಪನವರು ಕೆಂಡವಾಗಿ ನನ್ನ ಶೆಡ್ಡಿಗೆ ಬಂದರು. ಯಾವುದೋ ಮದುವೆ ಊಟದಲ್ಲಿ, ನನ್ನ ರಿಜಿಸ್ಟರು ನೋಡಿದ್ದ ನಮ್ಮ ಸಬ್‌ಇನ್‌ಸ್ಪೆಕ್ಟರು ತಮಾಷೆಗೆ, “ಏನ್ ಸಾಹುಕಾರ್ರ, ನಿಮ್ಮ ಜೀಪು ಗುರುವಾರ ಗುರುವಾರ ಇಟ್ಟಿಗಿ ಕಡಿಗೆ ಓಡತೈತಂತ?” ಅಂದುಬಿಟ್ಟಿದ್ದರು. ಪಕ್ಕದ ಸಾಲಿನಲ್ಲಿ ಏಕಾಂತಪ್ಪನವರ ಹೆಂಡತಿ ಮರುಳಸಿದ್ದಮ್ಮ ಕೂತಿದ್ದರು. ಆಯಿತಲ್ಲ, ಆ ಮನೆಯಲ್ಲಿ ಎಂಟು ದಿನ ಒಲೆ ಸರಿಯಾಗಿ ಉರಿಯಲಿಲ್ಲ.

“ಆವಾಗೆಲ್ಲ ನನ್ನ ಜೀಪು ಗ್ಯಾರೇಜಿನಾಗಿತ್ತಪಾ! ಓಡಿಸಿದಾವ ಹುಲುಗ್ಯಾ, ಹೆಸರು ಕೆಟ್ಟಿದ್ದು ನಂದು. ಬರಿಯಾದಾದ್ರ ಸರಿಯಾಗಿ ಬರಿ,” ಎಂದು ಮೇಜು ಗುದ್ದಿದರು. ಮೇಲಿನವರಿಗೂ ಅರ್ಜಿ ಬರೆಯುತ್ತೇನೆ ಎಂದು ಹೇಳಿ ಹೋದರು.

ಅವರ ಮಾತು ನನಗೆ ನಾಟಿತು. ನನ್ನ ರಿಜಿಸ್ಟರಿನಲ್ಲಿ ಸುಳ್ಳು ಇರುವುದೆಂದರೇನು? ಅಂದಿನಿಂದ, ಗಾಡಿ ಒಬ್ಬರದಾಗಿ ಓಡಿಸುವವನು ಇನ್ನೊಬ್ಬನಾಗಿದ್ದರೆ, ಷರಾ ಕಾಲಮ್ಮಿನಲ್ಲಿ ಅವನ ಹೆಸರು ಬರೆಯತೊಡಗಿದೆ. ಯಾರೂ ಹೇಳಿರಲಿಲ್ಲ. ನನ್ನದೇ ನಿಯತ್ತು. ಗುರುವಾರಗಳ ಎದುರು ‘ಮೆಕ್ಯಾನಿಕ್ ಹುಲುಗಪ್ಪ, ಟ್ರಯಲ್’ ಎಂದು ದುಂಡಗೆ ಬರೆದೆ, ಒಂಬತ್ತು ವಾರ.

ಹತ್ತನೇ ವಾರ ಯರ್ರೆಪ್ಪ ಎಂಬವರು ಹರಪನಹಳ್ಳಿ ಬಸ್ಸಿನಿಂದ ಇಳಿದು ಬಂದರು. ಒಂದು ಕಚೇರಿಯಲ್ಲಿ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ, ತಗ್ಗಿಸಿದ ದನಿ. ಒಂದು ಚಿಪ್ಪು ಬಾಳೆಹಣ್ಣು ಮೇಜಿನ ಮೇಲಿಟ್ಟರು. ರಿಜಿಸ್ಟರಿನ ಕಡೆ ಬಗ್ಗಿ ನೋಡಿ, “ಎಂಥ ಅಕ್ಷರ ರೀ ನಿಮ್ಮದು! ನಮ್ಮ ಆಫೀಸಿನಾಗ ಒಬ್ಬರದೂ ಹಿಂಗಿಲ್ಲ,” ಅಂದರು. ನಾನು ಅಲ್ಲಿಗೇ ಕರಗಿದೆ. ನನ್ನ ಬೆಲೆ ಅಷ್ಟೇ ಇತ್ತು.

“ಮೆಕ್ಯಾನಿಕ್ ಹುಲುಗಪ್ಪ ನನ್ನ ಹೆಂಡ್ತಿ ಅಣ್ಣ. ಈ ಕಡಿಗೆ ಬರ್ತಿರ್ತಾನಂತಲ್ರಿ?” ಎಂದು ಕೇಳಿದರು.

ನಾನು ಪುಟ ತಿರುವಿ ತೋರಿಸಿದೆ. ಬೆರಳಿಟ್ಟು ತೋರಿಸಿದೆ. ಇಟ್ಟಿಗಿ ಕಡೆ ಹೋದದ್ದು ಹತ್ತೂವರೆ, ವಾಪಸು ಬಂದದ್ದು ಹನ್ನೆರಡು. ಒಂದು ವಾರವೂ ತಪ್ಪಿಲ್ಲ. “ಇಟ್ಟಿಗಿಗೆ ಸುಮ್ನ ಹೋಗಿ ಬರಾಕ ಇಷ್ಟು ಹೊತ್ತು ಬೇಕಾಗಂಗಿಲ್ರಿ. ಊರಾಗ ಯಾರದೋ ಮನಿಗೆ ಹೋಗ್ತಿರಬೇಕು,” ಎಂದು ಲೆಕ್ಕಾಚಾರವನ್ನೂ ನಾನೇ ಮಾಡಿಕೊಟ್ಟೆ. ಯಾಕೆ ಬೇಕು ಎಂದು ಕೇಳಲಿಲ್ಲ. ಅವರು ಕೈ ಮುಗಿದು ಮುಂದಿನ ಬಸ್ಸು ಹತ್ತಿದರು.

ಎರಡು ದಿನ ಬಿಟ್ಟು ಠಾಣೆಯಿಂದ ಒಂದು ಆದೇಶ ಬಂತು. ಏಕಾಂತಪ್ಪನವರ ಅರ್ಜಿ ಬಳ್ಳಾರಿಗೆ ಹೋಗಿ ಬಂದಿತ್ತು. ರಿಜಿಸ್ಟರನ್ನಾಗಲಿ, ಅದರಲ್ಲಿರುವ ವಿವರವನ್ನಾಗಲಿ ಇನ್ನು ಮುಂದೆ ಸಾರ್ವಜನಿಕರಿಗೆ ಕೊಡತಕ್ಕದ್ದಲ್ಲ. ಓದಿ ಸಹಿ ಮಾಡಿದೆ.

ಅದರ ಮಾರನೇ ದಿನ ಬೆಳಿಗ್ಗೆ ಒಂದು ಬಿಳಿ ಅಂಬಾಸಿಡರ್ ಇಟ್ಟಿಗಿ ಕಡೆ ಹೋಯಿತು. ಮುಕ್ಕಾಲು ಗಂಟೆಯಲ್ಲಿ ತಿರುಗಿ ಬಂದು ಹರಪನಹಳ್ಳಿ ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು, ನಡುವೆ ಒಂದು ಹೆಣ್ಣು. ಅವಳ ಮುಖ ಕಾಣಲಿಲ್ಲ. ಮುಂದೆ ಕೂತಿದ್ದ ಯರ್ರೆಪ್ಪ ನನ್ನನ್ನು ಕಂಡು ನಮಸ್ಕಾರ ಮಾಡಿದರು. ನಾನೂ ಮಾಡಿದೆ. ನಂಬರು ಬರೆದುಕೊಂಡೆ.

ಮಧ್ಯಾಹ್ನ ಹುಲುಗಪ್ಪ ಬಂದ. ಜೊತೆಗೆ ಪೀರ್ ಬೀ. ಮುದುಕಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಹೊಲಿಗಿ ಮಿಷನ್ನಿನ ಮುಂದ ಕುಂತಿದ್ಲಪ್ಪಾ. ರಟ್ಟಿ ಹಿಡಿದು ಎಳ್ಕೊಂಡು ಹೋದ್ರು. ಆ ಕೈ ಇನ್ನಾ ನೆಟ್ಟಗ ಕೂಡಿಲ್ಲ ಅದಕ್ಕ,” ಎಂದು ಅತ್ತಳು. ಎಲ್ಲವನ್ನೂ ಅವಳೇ ಹೇಳಿದಳು. ಅಡಗಿದ್ದದ್ದು, ಹೊಡೆತ, ಗುರುವಾರದ ಟ್ರಯಲ್ಲು, ಎಲ್ಲ.

ಹುಲುಗಪ್ಪ ಅಳಲಿಲ್ಲ. “ಕಾರಿನ ನಂಬರ್ ಹೇಳ್ರಿ. ಯಾವ ದಾರಿ ಹಿಡಿದ್ರು ಅಷ್ಟು ಹೇಳ್ರಿ ಸಾಕು. ನೀವು ಬರದೇ ಬರದಿರ್ತೀರಿ,” ಅಂದ.

ನಂಬರು ನನ್ನ ಬಾಯಲ್ಲೇ ಇತ್ತು. ಶೆಡ್ಡಿನಲ್ಲಿ ಬೇರೆ ಪೊಲೀಸರು ಯಾರೂ ಇರಲಿಲ್ಲ. ನಾನು ಡ್ರಾಯರಿನಿಂದ ಆದೇಶ ತೆಗೆದು ಅವನ ಮುಂದೆ ಹಿಡಿದೆ.

“ಸಾರ್ವಜನಿಕರಿಗೆ ಹೇಳಂಗಿಲ್ಲಪಾ ಈಗ. ಠಾಣೆಗೆ ಹೋಗಿ ಕಂಪ್ಲೇಂಟ್ ಕೊಡು.”

ಕಾಗದವನ್ನು ಅವನು ಎರಡು ಸಲ ಓದಿದ. “ಮತ್ತ ಅವನಿಗೆ ಯಾರು ಹೇಳಿದ್ರು?” ಅಂದ.

ನಾನು ಕಾಗದ ವಾಪಸು ಇಸಿದುಕೊಂಡು ಡ್ರಾಯರಿಗೆ ಹಾಕಿದೆ. ಈಗ ಒಪ್ಪಿಕೊಳ್ಳುತ್ತೇನೆ, ಆ ಗಳಿಗೆಯಲ್ಲಿ ನನಗಿದ್ದದ್ದು ಬರೀ ಹೆದರಿಕೆ. ಕಾನೂನು ಪಾಲಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಠಾಣೆಯಲ್ಲಿ, ಗಂಡ ಹೆಂಡತಿ ಜಗಳಕ್ಕೆ ಪೊಲೀಸರು ಯಾಕೆ ಎಂದು ಕಳಿಸಿದರು. ಯರ್ರೆಪ್ಪನ ಮನೆಗೆ ಬೀಗವಿತ್ತು. ಹುಲುಗಪ್ಪ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಂದು ಅವರ ನೆಂಟರ ಮನೆಗಳನ್ನೆಲ್ಲ ಹುಡುಕುತ್ತ ಹನ್ನೊಂದು ದಿನ ತಿರುಗಿದ. ಆ ಅಂಬಾಸಿಡರು ಹರಪನಹಳ್ಳಿ ಬಸ್ ನಿಲ್ದಾಣದ ಬಾಡಿಗೆ ಟ್ಯಾಕ್ಸಿ. ನಂಬರು ಸಿಕ್ಕಿದ್ದರೆ, ಡ್ರೈವರನ್ನು ವಿಚಾರಿಸಿ ತಂಗಿ ಇದ್ದ ಮನೆಯನ್ನು ಅಂದು ಸಂಜೆಯೊಳಗೆ ಮುಟ್ಟುತ್ತಿದ್ದ. ಹನ್ನೆರಡನೇ ದಿನ ನೀಲಗುಂದದ ಒಂದು ಮನೆಯಲ್ಲಿ ಅವಳು ಸಿಕ್ಕಳು. ಈ ಸಲ ಬಲಗೈ, ಎರಡು ಕಡೆ.

ನಾನು ಸರ್ಕಾರಿ ಆಸ್ಪತ್ರೆಗೆ ಹೋದೆ. ಸಮವಸ್ತ್ರ ಹಾಕಿರಲಿಲ್ಲ. ಹುಲುಗಪ್ಪ ಔಷಧಿ ತರಲು ಹೊರಗೆ ಹೋಗಿದ್ದ. ಸುಂಕಮ್ಮ ಒಬ್ಬಳೇ ಮಂಚದ ಮೇಲೆ ಕೂತಿದ್ದಳು. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ. ಪಕ್ಕದ ಮಂಚದವಳು ಯಾರೋ ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

ಬಾಗಿಲಲ್ಲಿ ನಿಂತ ನನ್ನನ್ನು ಕಂಡ ಕೂಡಲೇ ಅವಳು ಅನ್ನ ನುಂಗದೆ ಗೋಡೆಗೆ ಸರಿದಳು.

“ಯಾರ್ರೀ ನೀವು? ಯಾವೂರು? ನಾನು ಇಲ್ಲಿರಾದು ಯಾರು ಹೇಳಿದ್ರು ನಿಮಗ?”

“ವಾರ್ಡು ತಪ್ಪಿ ಬಂದೆವ್ವಾ,” ಎಂದೆ. ಹೆಸರು ಹೇಳದೆ ಹೊರಟು ಬಂದೆ.