ಯುಕ್ರೇನ್ ಬಾಯ್ಸ್, ತದಡಿ

ಚೆಂಡು ಗೋಲಿನೊಳಗೆ ಹೋದದ್ದನ್ನು ಸರಿಯಾಗಿ ಕಂಡವನು ತದಡಿಯ ಗೋಲ್‌ಕೀಪರ್ ವಿನೋದ ಒಬ್ಬನೇ. ಅದು ಅವನ ಕೈ ತಪ್ಪಿಸಿ, ಕಂಬದ ಒಳಮೈಗೆ ತಾಗಿ, ಬಲೆಯ ಮಡಿಕೆ ಬಿಡಿಸಿಕೊಂಡು ಆಚೆಯ ಕೆಸರಿಗೆ ಹೋಗಿ ಬಿದ್ದಿತ್ತು. ಒದ್ದವನು ಮಾವಿನಕುರ್ವೆ ತಂಡದ ರಾಜೇಶ. ಅವನಾಗಲೇ ಅಂಗಿ ಬಿಚ್ಚಿ ಬೀಸತೊಡಗಿದ್ದ.

"ಗೋಲಲ್ಲ, ಹೊರಗೆ ಹೋತು" ಎಂದು ತದಡಿಯವರು ಕೂಗಿದರು.

ತದಡಿಯವರದು ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಗಿ ಬೋಟುಗಳು ದಡ ಸೇರಿದ ಮೇಲೆ ಹುಟ್ಟಿದ ಕ್ಲಬ್ಬು. ಯುಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದು, ಯುದ್ಧ ಶುರುವಾದಾಗ ಓಡಿ ಬಂದಿದ್ದ ವಿನಾಯಕ ಹುಡುಗರಿಗೆ ಆಟ ಕಲಿಸಿದ್ದ. ಅಲ್ಲಿ ಅವನಿದ್ದ ಊರಿನ ಸಣ್ಣ ಕ್ಲಬ್ಬೊಂದು ದೊಡ್ಡ ದೊಡ್ಡವರಿಗೆ ಮಣ್ಣು ಮುಕ್ಕಿಸಿ, ನಾಲ್ಕೇ ವರ್ಷಕ್ಕೆ ಮುಚ್ಚಿಹೋಗಿತ್ತಂತೆ. ಮುಚ್ಚಿಹೋದ ಕಥೆ ಯಾರಿಗೆ ಬೇಕು? ಮಣ್ಣು ಮುಕ್ಕಿಸಿದ್ದಷ್ಟೇ ಕಿವಿಗೆ ಬಿದ್ದು 'ಯುಕ್ರೇನ್ ಬಾಯ್ಸ್' ಹುಟ್ಟಿತು. ಕುಮಟೆಯಲ್ಲಿ ಗೆದ್ದರು, ಹೊನ್ನಾವರದಲ್ಲಿ ಗೆದ್ದರು. ಭಟ್ಕಳದಲ್ಲೂ ಗೆದ್ದು ಬಂದಾಗ ಯಾರ ಕಾಲೂ ನೆಲದ ಮೇಲಿರಲಿಲ್ಲ.

ಗೋಲಿನ ಬಲೆ ಬೋಟಿನದೇ. ಬೋಟು ನಡೆಸುವ ತಾಂಡೇಲ ಶನಿಯಾರ ಅದನ್ನು ಕೊಡುವಾಗ, "ಸಮುದ್ರಕ್ಕೆ ಹುಣ್ಣಿಮೆ ಪೂಜೆ ಆಗೂ ತನಕ ಬಲೆಗೆ ಕತ್ತಿ ತಾಗ್ಸುಕಾಗ" ಎಂದಿದ್ದ. ಹರಿದ ಎಳೆ ಕತ್ತರಿಸದೆ ಬಲೆ ಸರಿಮಾಡಲು ಬರುವುದಿಲ್ಲ. ಹಾಗಾಗಿ ವಿನೋದ ಮೂಲೆಯ ಹರಕನ್ನು ಸುಮ್ಮನೆ ಮಡಚಿ ಕಟ್ಟಿದ್ದ. ಚೆಂಡು ಆಚೆ ಬಿದ್ದದ್ದು ಅಲ್ಲಿಂದಲೇ. ಬಲೆ ಸರಿಮಾಡಲು ಕೂತರೆ ಎದುರಿನ ತುದಿ ಎಳೆದು ಹಿಡಿಯುವವನು ಯಾವಾಗಲೂ ರಾಜೇಶ. ಊರು ಬೇರೆಯಾದರೂ ಇಬ್ಬರೂ ದುಡಿಯುವುದು ಶನಿಯಾರನ ಬೋಟಿನಲ್ಲೇ.

ಆಟದ ನಿಯಮ ಬಲ್ಲವ ತಾನೊಬ್ಬನೇ ಎಂದು ರೆಫ್ರಿಯೂ ಆಗಿದ್ದ ವಿನಾಯಕ ಸೀಟಿ ಹಿಡಿದು ಬಂದ. "ವಿನೋದಾ, ಹತ್ರ ಇದ್ದವ ನೀನು. ಖರೆ ಹೇಳು, ಬಾಲು ಒಳಗೆ ಹೋತಾ?"

ರಾಜೇಶ ನಕ್ಕ. "ಅವನನ್ನೇ ಕೇಳಿ. ಅವ ಸುಳ್ಳು ಹೇಳೂದಿಲ್ಲ."

ವಿನೋದ ಸುತ್ತ ನಿಂತ ತನ್ನೂರಿನವರ ಕಡೆ ನೋಡಿದ. ಎಲ್ಲೂ ಸೋಲದವರು ತಮ್ಮೂರಿನಲ್ಲೇ, ತಮ್ಮವರೆದುರೇ ಸೋಲುವುದೇ? "ಹೊರಗಿಂದ ಹೋತು" ಎಂದ.

ರಾಜೇಶ ಅವನ ಕೊರಳಪಟ್ಟಿಗೆ ಕೈ ಹಾಕಿದ. ಅಷ್ಟೇ ಸಾಕಾಯಿತು. ಎರಡೂ ಕಡೆಯ ಜನ ನುಗ್ಗಿದರು. ಕೊಡೆಗಳು ಬಡಿಗೆಗಳಾದವು. ಯಾರದೋ ಹಲ್ಲು ಕೆಸರಿಗೆ ಬಿತ್ತು, ಯಾರದೋ ಕಿವಿ ಹರಿದು ನೆತ್ತರು ಇಳಿಯಿತು. ತದಡಿಯ ಶುಕ್ರ ಗೋಲಿನ ಗಾಳಿಮರದ ಕಂಬವನ್ನೇ ಕಿತ್ತು, ಕೆಳಗೆ ಬಿದ್ದಿದ್ದ ರಾಜೇಶನ ಬಲಗೈ ಮೇಲೆ ಇಳಿಸಿದ. ಮತ್ತೆ ಎತ್ತಿ ಮತ್ತೆ ಇಳಿಸಿದ. ಎಲುಬು ಮುರಿದದ್ದು ವಿನೋದನಿಗೆ ಕೇಳಿಸಿತು.

"ಬಿಡಾ ಶುಕ್ರಾ, ಅದು ಗೋಲಾಗಿತ್ತು" ಎಂದು ಅವನು ಕೂಗಿಕೊಂಡ. ಆ ಗದ್ದಲದಲ್ಲಿ ಅದು ರಾಜೇಶನಿಗೆ ಮಾತ್ರ ಕೇಳಿಸಿತು. ಅವನು ಕಣ್ಣೆತ್ತಿ ವಿನೋದನನ್ನು ನೋಡಿದ.

ವಿನಾಯಕ ತನ್ನ ಅಂಗಿ ಹರಿದು ಆ ಕೈಗೆ ಕಟ್ಟಿದ. "ಇದನ್ನೆಲ್ಲ ಅಲ್ಲೇ ಬಿಟ್ಟು ಬಂದೆ ಅಂದ್ಕಂಡಿದ್ದೆ" ಎಂದ, ಯಾರಿಗೆಂದಿಲ್ಲದೆ. ಕ್ಲಬ್ಬಿನ ಬೋರ್ಡು ಪೊಲೀಸರ ಜೀಪಿನಲ್ಲಿ ಹೋಯಿತು.

ಹುಣ್ಣಿಮೆ ಪೂಜೆಗೆ ಕಾಯಿ ಒಡೆದಾಯಿತು. ರಾಜೇಶನ ಕೈ ಇನ್ನು ಹಗ್ಗ ಎಳೆಯುವುದಿಲ್ಲವೆಂದು ಸುದ್ದಿ ಬಂದಿತ್ತು. ಶನಿಯಾರ ಬಲೆಯನ್ನು ತಂದು ವಿನೋದನ ಮುಂದೆ ಹಾಕಿದ. "ಪೂಜೆ ಆತು. ಈಗ ಕತ್ತಿ ಹಾಕು."

ವಿನೋದ ಹರಿದ ಎಳೆಗಳನ್ನು ಕತ್ತರಿಸಿ, ಸೂಜಿಗೆ ನೂಲು ಸುತ್ತಿಕೊಂಡ. ರೂಢಿಯಂತೆ ಬಲೆಯ ತುದಿಯನ್ನು ಎದುರಿಗೆ ಚಾಚಿದ. ಎದುರಿಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕೈ ಹಾಗೇ ಚಾಚಿಕೊಂಡಿದ್ದು, ಆಮೇಲೆ ಆ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಗಂಟು ಹಾಕತೊಡಗಿದ.