ಅರ್ಧ ಅಕ್ಕ

ಆ ಕೊಳವಿ ತುಂಬ ಉಗುಳು ಅಂದ್ರ ಎಲ್ಲಿಂದ ತರೂದ್ರಿ, ಹುಣಸಿಹಣ್ಣ ನೆನಸ್ಕೊಂಡು ನೆನಸ್ಕೊಂಡು ತುಂಬಿಸೀನಿ ನೋಡ್ರಿ, ಎಂದು ಸುಮನ ನಗುತ್ತಾಳೆ, ನಾನೂ ನಗಬೇಕು, ನಕ್ಕೆ, ಪಕ್ಕದಲ್ಲಿ ಅವ್ವ ನಗುತ್ತಿಲ್ಲ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮನಳ ಮೂಗನ್ನೇ ನೋಡುತ್ತಿದ್ದಾಳೆ — ಅಪ್ಪನ ಮೂಗು, ತುದಿಯಲ್ಲಿ ಸ್ವಲ್ಪ ಬಾಗಿದ್ದು, ನನಗೆ ಬಾರದ ಮೂಗು ಹುಕ್ಕೇರಿಯ ಈ ಮನೆಯಲ್ಲಿ, ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ ಕುಳಿತಿದೆ — ನನಗ್ಯಾಕೆ ಬೇಕಿತ್ತು, ಸಕ್ಕರೆ ಕಾಯಿಲೆ ನನಗೂ ಬರುತ್ತದೇನೋ ತಿಳಿಯಲೆಂದು ಉಗುಳು ಕಳಿಸಿ ಮಾಡಿಸಿದ ಡಿಎನ್‌ಎ ಪರೀಕ್ಷೆ, ಬಂಧುಗಳನ್ನೂ ಹುಡುಕಲೇ ಎಂದು ಆ್ಯಪ್ ಕೇಳಿತು, ಹೂಂ ಎಂದು ಒತ್ತಿದೆ, ಬಂದದ್ದು ಒಂದೇ ಹೆಸರು, ಸುಮನ, ಹುಕ್ಕೇರಿ, ಅರ್ಧ ಅಕ್ಕ ಇರಬಹುದು. ಅರ್ಧ ಅಕ್ಕ ಎಂದರೆ ಅಪ್ಪ ಒಬ್ಬನೇ, ಅವ್ವಂದಿರು ಇಬ್ಬರು. ಗೋಕಾಕದ ನಮ್ಮ ಅಡುಗೆಮನೆಯಲ್ಲಿ ಬಾಯಿ ಬಿಟ್ಟವಳು ನಾನೇ, ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಹಂಚಿನ ಮೇಲಿನದು ಕರಕಲಾಯಿತು, ಅಪ್ಪ ಕೊರಳ ಲಿಂಗ ಹಿಡಿದುಕೊಂಡ, ಅಕಿ ನನ್ನ ಮಗಳಲ್ಲ ಎಂದ. ಹಂಗಾರ ಯಾರ ಮಗಳು ಹೇಳು ಮಾಮಾ, ಎಂದಳು ಅವ್ವ — ಅಪ್ಪ ಮದುವೆಯಾದದ್ದು ತನ್ನ ಅಕ್ಕನ ಮಗಳನ್ನೇ, ಸಿಟ್ಟು ಬಂದರೆ ಅವ್ವನ ಬಾಯಲ್ಲಿ ಅವನು ಈಗಲೂ ಸೋದರಮಾವ — ಅಪ್ಪ ಎದ್ದು ಕಿರಾಣಿ ಅಂಗಡಿಗೆ ಹೋಗಿಬಿಟ್ಟ. ಅಕಿ ಮಾರಿ ನೋಡಿ ಅಲ್ಲಿಂದ ಸೀದಾ ಮೂಡಲಗಿಗೆ, ತವರಮನಿಗೆ, ತಿರುಗಿ ಬರಂಗಿಲ್ಲ, ಬಸ್ಸಿನಲ್ಲಿ ಅವ್ವ ಆಡಿದ್ದು ಅಷ್ಟೇ, ನನಗೆ ನಗು ಬಂತು, ಆ ತವರು ಅಪ್ಪನ ಅಕ್ಕನ ಮನೆಯೇ ಅಲ್ಲವೇ, ಗಂಡನನ್ನು ಬಿಟ್ಟು ಗಂಡನ ಅಕ್ಕನ ಮನೆಗೆ ಹೊರಟವಳು, ಆಮೇಲೆ ಚೀಲ ಎತ್ತಿ ನೋಡಿದೆ, ಭಾರವಿತ್ತು, ನಗು ನಿಂತಿತು.

ನಮ್ಮವ್ವ ಅಪ್ಪನ ಹೆಸರು ಅಷ್ಟು ಹೇಳಂಗಿಲ್ರಿ, ನಿಮ್ಮಪ್ಪ ಸತ್ತಾನ ಅಂತಾಳ, ಮುಗೀತು, ಎನ್ನುತ್ತಿದ್ದಾಳೆ ಸುಮನ. ಸತ್ತಾನ? ಅವ್ವನ ದನಿ ಏರಿತು, ಗೋಕಾಕದಾಗ ಗಟ್ಟಿಮುಟ್ಟ ಕುಂತು ಬೆಲ್ಲ ತೂಗಾಕತ್ತಾನ. ಆಗ ಒಳಗಿನಿಂದ ಚಹಾ ತಟ್ಟೆ ಹಿಡಿದು ಬಂದವಳು ಸುಮನಳ ತಾಯಿ ರಾಯವ್ವ, ಬಾಗಿಲಿನಲ್ಲೇ ನಿಂತಳು, ನಿಮ್ಮ ಯಜಮಾನ್ರನ್ನ, ಗುರುಲಿಂಗಪ್ಪಾರನ್ನ ಯಾಕ ಬೈತೀರಿ ಅಕ್ಕಾರ, ಅವರಲ್ಲ, ಇಕಿ ಬಸವಲಿಂಗನ ಮಗಳು. ಕಾಕಾ! ನಮ್ಮ ಮನೆಯ ಪಡಸಾಲೆಯಲ್ಲಿ ಮಾಲೆ ಹಾಕಿದ ಫೋಟೋ ಕಾಕಾ, ನಾನು ಹುಟ್ಟುವ ಮೊದಲೇ ತೀರಿಕೊಂಡ ಅಪ್ಪನ ತಮ್ಮ. ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನ್ಯಾಗ ಇಬ್ಬರೂ ದುಡೀತಿದ್ವಿ, ಮದುವಿ ಆಗೂಣು ಅಂತ ಇದ್ದಾಗ ಕಾಮಣಿ ಬಂದು ಕಣ್ಣೆಲ್ಲಾ ಹಳದಿಯಾಗಿ ಹೋಗಿಬಿಟ್ಟಾ. ಹಾಗಾದರೆ ಅರ್ಧ ಅಕ್ಕ ಎಂದದ್ದು — ಅಯ್ಯೋ, ಕಾಕಾ ನನಗೆ ಅಪ್ಪನ ತಮ್ಮ, ಅವ್ವನಿಗೆ ತಾಯಿಯ ತಮ್ಮ, ಅವನ ರಕ್ತ ನನಗೆ ಎರಡೂ ಕಡೆಯಿಂದ ಹತ್ತಿರ, ಆ್ಯಪ್ ಮಾಡಿದವರ ಊರಲ್ಲಿ ಯಾರೂ ಸೋದರಮಾವನನ್ನು ಕಟ್ಟಿಕೊಳ್ಳುವುದಿಲ್ಲವೇನೋ, ನಮ್ಮ ಮನೆಯ ಮದುವೆ ಅದಕ್ಕೆ ಗೊತ್ತಿಲ್ಲ, ಹೆಚ್ಚು ಕಂಡ ರಕ್ತಕ್ಕೆ ಹತ್ತಿರದ ಹೆಸರಿಟ್ಟಿತು. ಕಾಕಾನ ಮಗಳಾದರೂ ಅಕ್ಕನೇ. ಅಪ್ಪ ಗೆದ್ದ, ಲಿಂಗ ಹಿಡಿದು ಹೇಳಿದ್ದು ಖರೆ, ಅವ್ವನ ಕೈ ಹಿಡಿದೆ, ನೋಡವ್ವಾ ಎನ್ನಬೇಕು, ಅವ್ವ ಕೈ ಬಿಡಿಸಿಕೊಂಡು ರಾಯವ್ವನತ್ತ ತಿರುಗಿದಳು. ಮತ್ತ ಇಷ್ಟು ವರ್ಷ ನಮಗ ಯಾಕ ಹೇಳಲಿಲ್ಲ ನೀವು?

ಹೇಳಾಕ ಬಂದಿದ್ದೆ ಅಕ್ಕಾರ. ರಾಯವ್ವ ತಟ್ಟೆ ಕೆಳಗಿಟ್ಟಳು. ಹಸಿಗೂಸು ಎತ್ಕೊಂಡು ನಿಮ್ಮ ಅಂಗಡಿಗೆ ಬಂದಿದ್ದೆ, ನಿಮ್ಮ ಯಜಮಾನ್ರು, ನನ್ನ ತಮ್ಮ ಅಂಥಾಂವ ಅಲ್ಲ, ನಡಿ ಅಂದ್ರು, ಕೂಸಿನ ಮಾರಿ ಸೈತ ನೋಡ್ಲಿಲ್ಲ, ನೋಡಿದ್ರ ತಮ್ಮ ಕಾಣತಿದ್ದ, ಅದಕ್ಕ ನೋಡ್ಲಿಲ್ಲ. ಸುಮನ ತಾಯಿಯನ್ನು ನೋಡುತ್ತಾಳೆ, ಹೆಸರು ಹೇಳಿದ್ರ ನೀ ಹೋಗಿ ಆ ಬಾಗಿಲಾಗ ನಿಲ್ಲತಿದ್ದೆವ್ವ, ಅದಕ್ಕ ಹೇಳಲಿಲ್ಲ, ಎನ್ನುತ್ತಾಳೆ ರಾಯವ್ವ, ನನಗೆ ಅಪ್ಪನ ಬೆನ್ನು ಕಾಣುತ್ತದೆ, ಅಡುಗೆಮನೆಯಿಂದ ಹೊರಟ ಬೆನ್ನು, ಮಗಳಲ್ಲ ಎಂದವನು ಯಾರ ಮಗಳೆಂದು ಹೇಳದೆ ಹೋದ ಬೆನ್ನು, ಇದಕ್ಕಿಂತ ಸುಮನ ಅವನ ಮಗಳೇ ಆಗಿದ್ದರೆ ವಾಸಿಯಿತ್ತೇ, ಹುಚ್ಚಿ, ಏನೆಂದುಕೊಳ್ಳುತ್ತಿದ್ದೇನೆ — ಅವ್ವನ ಫೋನು ಹೊಡೆದುಕೊಳ್ಳುತ್ತಿದೆ, ಅಪ್ಪ, ಅವ್ವ ಎತ್ತಿ, ಸ್ಪೀಕರ್ ಒತ್ತಿ ಸುಮನಳ ಕೈಗಿಟ್ಟಳು, ನಿಮ್ಮ ದೊಡ್ಡಪ್ಪ ಅದಾನ, ಮಾತಾಡು. ನಾ ಏನ್ ಮಾತಾಡ್ಲಿ ಅಕ್ಕಾರ? ಅಕ್ಕಾರ ಅಲ್ಲವ್ವಾ, ದೊಡ್ಡವ್ವ ಅನ್ನು, ಯಾರ ಮಗಳು ಅನ್ನೂದು ಹೇಳು, ಈಗರ ಕೇಳಲಿ. ಹಲೋ, ದೊಡ್ಡಪ್ಪಾರ, ನಾ ಸುಮನ್ರಿ, ಬಸವಲಿಂಗನ ಮಗಳು.

ಆ ಕಡೆ ಯಾರೋ ಗಿರಾಕಿ ಸಕ್ಕರೆ ಕೇಳುತ್ತಿದ್ದಾರೆ, ಫೋನು ಕಟ್ಟಾಗಿಲ್ಲ, ದಡದಡ ಎಂದು ಏನೋ ಕೆಳಗಿಳಿಯಿತು, ಅಂಗಡಿಯ ಶಟರ್, ಸಂತೆಯ ದಿನ ನಡುಮಧ್ಯಾಹ್ನ ಶಟರ್ ಇಳಿಸಿದ — ಮುಚ್ಚಿಕೊಂಡು ಒಳಗೆ ಕುಳಿತನೇ, ಇಲ್ಲ, ಗಾಡಿಗಳ ಹಾರ್ನ್ ಕೇಳುತ್ತಿದೆ, ಹೊರಗಿದ್ದಾನೆ, ಹುಕ್ಕೇರಿಗೆ ಹೊಂಟೀನಿ ಎಂದು ಯಾರಿಗೋ ಹೇಳುತ್ತಿದ್ದಾನೆ, ಅವನ ಹಳೆಯ ಸ್ಕೂಟರು, ಒಂದೇ ಒದೆತಕ್ಕೆ ಹತ್ತುವುದಿಲ್ಲ ಅದು, ಕಿಕ್ ಒದೆಯುತ್ತಿದ್ದಾನೆ, ಹತ್ತಲಿಲ್ಲ, ಮತ್ತೆ ಒದೆಯುತ್ತಿದ್ದಾನೆ, ಜೇಬಿನಲ್ಲಿ ಫೋನು ಹಾಗೇ ಇದೆ, ಮತ್ತೆ, ಚಪ್ಪಲಿ ಜಾರಿದ ಸದ್ದು, ಮತ್ತೆ ಒದೆಯುತ್ತಿದ್ದಾನೆ —